ಬೇಟೆಯ ಜೊತೆಗೆ ನಾಲ್ಕು ದಿನ ಸಮುದ್ರ

ನಮ್ಮ ದೊಡ್ಡಪ್ಪ ಇದುವರೆಗೆ ಏಳು ಸಲ ಆಫ್ರಿಕಾಕ್ಕೆ ಬೇಟೆಗೆ ಹೋಗಿ ಬಂದಿದ್ದಾರೆ ಎಂದರೆ ನೀವು ನಂಬಬೇಕು. ಹೊರಡುವ ದಿನ, ಇಳಿಯುವ ದಿನ, ಎಷ್ಟನೆಯ ದಿನ ಯಾವ ಪ್ರಾಣಿ ಎಂಬುದೆಲ್ಲ ಏಳು ಕಡತಗಳಾಗಿ ನನ್ನ ಲ್ಯಾಪ್‌ಟಾಪಿನಲ್ಲಿ ಭದ್ರವಾಗಿದೆ. ಇಷ್ಟೆಲ್ಲ ಬೇಟೆಯಾಡಿದ ಮನುಷ್ಯ ವಿಮಾನ ನೆಲದ ಮೇಲೆ ನಿಂತದ್ದನ್ನೇ ನೋಡಿಲ್ಲ ಎಂಬುದು ಸಣ್ಣ ವಿಷಯ. ಸಣ್ಣ ವಿಷಯಗಳಿಗೆಲ್ಲ ದೊಡ್ಡಪ್ಪ ತಲೆ ಕೆಡಿಸಿಕೊಳ್ಳುವವರಲ್ಲ!

ಅವರಿರುವುದು ಸುಗಟೂರಿನಲ್ಲಿ. ಹಿಪ್ಪುನೇರಳೆ ತೋಟ, ಒಂದಿಷ್ಟು ಟೊಮೆಟೊ, ಮನೆಯ ಹಿಂದೆ ರೇಷ್ಮೆ ಹುಳ ಸಾಕುವ ಉದ್ದನೆಯ ಶೆಡ್ಡು. ಅವರ ತಮ್ಮನ ಮಗಳು ನಾನು, ಕೋಲಾರದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಭಾನುವಾರ ಬಸ್ಸು ಹತ್ತಿ ಅವರ ಮನೆಗೆ ಹೋಗುತ್ತೇನೆ. ಎಂ.ಎಸ್ಸಿ. ಮಾಡಿದ್ದರಿಂದ ನನಗೆ ಆದ ಪ್ರಯೋಜನಗಳ ಬಗ್ಗೆ ಬೇರೆಯವರು ಏನು ಹೇಳುತ್ತಾರೋ ತಿಳಿಯದು. ದೊಡ್ಡಪ್ಪನ ಪ್ರಕಾರ ಆ ಪದವಿಯ ಉದ್ದೇಶ ಎರಡೇ: ಮಾತ್ರೆಯ ಮೇಲಿನ ತಾರೀಕು ಓದುವುದು ಮತ್ತು ಆಫ್ರಿಕಾಕ್ಕೆ ಇಂಗ್ಲಿಷಿನಲ್ಲಿ ಕಾಗದ ಬರೆಯುವುದು.

ಬೇಟೆಯ ಗೀಳು ಹತ್ತಿದ್ದು ಬಂದೂಕಿನಿಂದ. ಹಂದಿ ಕಾಟಕ್ಕೆಂದು ತಾತನ ಕಾಲದಲ್ಲಿ ಲೈಸೆನ್ಸು ತೆಗೆದ ಜೋಡಿನಳಿಗೆಯ ಬಂದೂಕು ಅದು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಬೇಕು. ನಮ್ಮ ಕಡೆ ಚುನಾವಣೆಗಳಿಗೆ ಬರವೇ? ಪಂಚಾಯ್ತಿ, ವಿಧಾನಸಭೆ, ಲೋಕಸಭೆ ಎಂದು ಆ ಬಂದೂಕು ನಮ್ಮ ಮನೆಯಲ್ಲಿ ಇದ್ದದ್ದಕ್ಕಿಂತ ಠಾಣೆಯಲ್ಲಿ ಇದ್ದದ್ದೇ ಹೆಚ್ಚು. ಮನೆಗೆ ಬಂದಾಗ ನೆಂಟರಂತೆ ಬರುತ್ತಿತ್ತು. ದೊಡ್ಡಪ್ಪ ಎಣ್ಣೆ ಹಚ್ಚಿ, ಒರೆಸಿ, ಗೋಡೆಗೆ ನೇತುಹಾಕಿ ಎದುರಿಗೆ ಕುಳಿತು ನೋಡುತ್ತಿದ್ದರು.

ಅದು ಒಮ್ಮೆ ಮಾತ್ರ ಸಿಡಿದಿದೆ. ನೆಲಗಡಲೆ ಹೊಲಕ್ಕೆ ಹಂದಿ ನುಗ್ಗಿದ ಸಂಜೆ ದೊಡ್ಡಪ್ಪ ಗುರಿಯಿಟ್ಟು ಹೊಡೆದರು. ಹಂದಿ ತಲೆ ಎತ್ತಿ ನೋಡಿ, ಏನೂ ವಿಶೇಷವಿಲ್ಲವೆಂದು ಖಾತ್ರಿ ಮಾಡಿಕೊಂಡು, ಮತ್ತೆ ಮೇಯತೊಡಗಿತು. ಗುಂಡು ಮಾತ್ರ ಪಕ್ಕದ ಹೊಲದವರ ನೀರಿನ ಟ್ಯಾಂಕನ್ನು ತೂತು ಮಾಡಿಕೊಂಡು ಹೋಗಿತ್ತು. ಪಕ್ಕದ ಹೊಲದವರು ತೆಲುಗರು. ಓಡಿ ಬಂದವರೇ, "ಏಮನ್ನಾ, ಪಂದಿ ಇಕ್ಕಡ ಉಂಟೇ ಗುಂಡು ಅಕ್ಕಡಿಕಿ ಪೋಯಿಂದಾ?" ಎಂದರು. ಹಂದಿ ಇಲ್ಲಿರುವಾಗ ಗುಂಡು ಅಲ್ಲಿಗೇಕೆ ಹೋಯಿತು? ನ್ಯಾಯವಾದ ಪ್ರಶ್ನೆಯೇ!

ದೊಡ್ಡಪ್ಪ ಒಂದಿಷ್ಟೂ ಅಳುಕಲಿಲ್ಲ. "ಹಂದಿಗೆ ಹೊಡೆದಿದ್ರೆ ಒಂದು ಹಂದಿ ಸಾಯ್ತಿತ್ತು ಅಷ್ಟೇ. ಆ ಟ್ಯಾಂಕಿನ ಸದ್ದಿಗೆ ಸುತ್ತಮುತ್ತಲ ಹಂದಿಯೆಲ್ಲ ಹೆದರ್ಕೊಂಡಿರ್ತವೆ ನೋಡು."

ಆಮೇಲೆ ನನಗೆ ಗುಟ್ಟಾಗಿ ಹೇಳಿದರು: "ನನ್ನ ಕೈಯಲ್ಲಿ ತಪ್ಪಿಲ್ಲ ಮಗ. ಇಲ್ಲಿ ಜಾಗ ಸಾಲದು. ಗುಂಡು ಹಾರೋಕೆ ಜಾಗ ಬೇಕು. ಆಫ್ರಿಕಾದಲ್ಲಿ ಇದೆಯಂತೆ."

ಹೀಗೆ ನಮ್ಮ ಪತ್ರವ್ಯವಹಾರ ಶುರುವಾಯಿತು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಅವರೇ ಒಂದು ಸಂಸ್ಥೆಯನ್ನು ಹುಡುಕಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಬೇಟೆಗೆ ಕರೆದೊಯ್ಯುವವರು. ಅಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ, ಪ್ರಾಣಿಗೊಂದು ದರವೂ ಇದೆ. ಆ ಪಟ್ಟಿಯನ್ನು ದೊಡ್ಡಪ್ಪ ಹೋಟೆಲಿನ ತಿಂಡಿಪಟ್ಟಿಯಂತೆ ಓದಿಸಿ ಕೇಳಿ, ಒಂದು ಪ್ರಶ್ನೆ ಬರೆಸಿದರು: ಗುಂಡು ತಪ್ಪಿದರೆ ಹೇಗೆ? ಉತ್ತರ ಮರುದಿನವೇ ಬಂತು. ಗಾಯವಾದರೆ ಕೊಂದ ಲೆಕ್ಕ. ಪೂರ್ತಿ ತಪ್ಪಿದರೆ ಏನೂ ಕೊಡಬೇಕಿಲ್ಲ.

"ಕೇಳಿದೆಯೇನೇ?" ದೊಡ್ಡಪ್ಪ ಅಡುಗೆಮನೆಯ ಕಡೆ ಕೂಗಿದರು. "ತಪ್ಪಿದ್ರೆ ಫ್ರೀಯಂತೆ!"

ಒಳಗಿನಿಂದ ದೊಡ್ಡಮ್ಮನ ದನಿ ಬಂತು: "ಹಾಗಿದ್ರೆ ನಿಮ್ಮ ಇಡೀ ಬೇಟೆನೇ ಫ್ರೀ ಬಿಡಿ."

ಇನ್ನೊಂದು ಪತ್ರದಲ್ಲಿ ಆ ಸಂಸ್ಥೆಯವರು, ನಿಮ್ಮ ಪತ್ನಿಯೂ ಬೇಟೆಯಾಡುತ್ತಾರೋ ಅಥವಾ ಸುಮ್ಮನೆ ಜೊತೆಗಿದ್ದು ನೋಡುವವರೋ ಎಂದು ವಿಚಾರಿಸಿದ್ದರು. "ನೋಡೋವ್ರು ಅಂತ ಬರಿ," ಎಂದರು ದೊಡ್ಡಪ್ಪ. "ಮೂವತ್ತು ವರ್ಷದಿಂದ ನನ್ನನ್ನ ನೋಡ್ಕೊಂಡೇ ಬರ್ತಿದಾಳೆ, ಅನುಭವ ಇದೆ ಅಂತಾನೂ ಸೇರಿಸು." ನಾನು ಸೇರಿಸಲಿಲ್ಲ.

ಅದೇ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು. ಬೇಟೆ ಮುಗಿದ ಮೇಲೆ, ಬೇಕಿದ್ದವರಿಗೆ, ಕೇಪ್ ಟೌನ್ ಎಂಬ ಕಡಲ ತೀರದ ಊರಿನಲ್ಲಿ ಎರಡು ದಿನ ಉಳಿದು ಸುತ್ತಾಡುವ ಏರ್ಪಾಡು ಮಾಡಿಕೊಡಲಾಗುವುದು. ನಾನು ಅದನ್ನು ಯಾಂತ್ರಿಕವಾಗಿ ಓದಿದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಈಗ ದೊಡ್ಡಮ್ಮನ ವಿಷಯ ಹೇಳಬೇಕು. ಅವರು ಸಮುದ್ರ ನೋಡಿಲ್ಲ. ತವರು ಮಾಸ್ತಿ. ಶಾಲೆಯಲ್ಲಿದ್ದಾಗ ಒಮ್ಮೆ ಸಮುದ್ರಕ್ಕೆ ಪ್ರವಾಸ ಹೊರಟಿತ್ತಂತೆ. ಬಸ್ಸು ಹೊರಡುವ ದಿನ ಮನೆಯ ರೇಷ್ಮೆ ಹುಳಗಳು ಹಣ್ಣಾಗಿಬಿಟ್ಟವು. ಹಣ್ಣಾದ, ಅಂದರೆ ಮೇವು ಬಿಟ್ಟು ನೂಲು ಬಿಡಲು ಸಿದ್ಧವಾದ ಹುಳಗಳನ್ನು ಅಂದಂದೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರ ತಟ್ಟಿಗೆ ಬಿಡಬೇಕು, ಕಾಯುವಂತಿಲ್ಲ. ಮನೆಯಲ್ಲಿ ಕೈ ಕಡಿಮೆ. ಹುಡುಗಿ ಉಳಿದಳು. ಆಮೇಲೆ ಮದುವೆಯಾಗಿ ಬಂದದ್ದೂ ಹುಳದ ಮನೆಗೇ.

ಹುಳದ ಮನೆ ಎಂದರೆ ಏನೆಂದು ತಿಳಿಯದವರಿಗೆ ಒಂದು ಮಾತು. ಎಳೆಹುಳ ತಂದರೆ ಮೂರು ವಾರ ಹಗಲಿಲ್ಲ, ಇರುಳಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು. ಗೂಡು ಮಾರುಕಟ್ಟೆಗೆ ಹೋದ ಮೇಲೆ ಶೆಡ್ಡು ತೊಳೆದು ಮುಗಿಸುವಷ್ಟರಲ್ಲಿ ಮುಂದಿನ ಹುಳ, ನಮ್ಮ ಮಾತಿನಲ್ಲಿ ಮುಂದಿನ ಬೆಳೆ. ಮಡಿಯೂ ಉಂಟು. ಒಗ್ಗರಣೆಯ ಹೊಗೆ ಸೋಕಬಾರದು. ಪೌಡರ್ ಹಾಕಿಕೊಂಡು ಹೋಗಿ ನಾನೇ ಬೈಸಿಕೊಂಡಿದ್ದೇನೆ. ಹೊಗೆಸೊಪ್ಪಿನ ಕೈ ತಾಗಿದರಂತೂ ಹುಳ ಸತ್ತೇಹೋಗುತ್ತದೆ. ನಮ್ಮ ದೊಡ್ಡಪ್ಪನ ಬಾಯಲ್ಲಿ ಎದ್ದಾಗಿನಿಂದ ಮಲಗುವವರೆಗೆ ಹೊಗೆಸೊಪ್ಪು! ಆದ್ದರಿಂದ ಸಿಂಹದ ಬೇಟೆಗೆ ಹೊರಟವರಿಗೆ ತಮ್ಮದೇ ಹುಳದ ಮನೆಗೆ ಪ್ರವೇಶವಿಲ್ಲ. ಸೊಪ್ಪು ತಂದು ಬಾಗಿಲಲ್ಲಿ ಹಾಕುವುದು ಅವರ ಗಡಿ. ಒಳಗಿನದೆಲ್ಲ ದೊಡ್ಡಮ್ಮನದು. ಮೂವತ್ತು ವರ್ಷದಲ್ಲಿ ಅವರು ಸತತ ಎರಡು ರಾತ್ರಿ ಹೊರಗೆ ಕಳೆದದ್ದು ನನಗೆ ಗೊತ್ತಿಲ್ಲ.

"ಸಮುದ್ರಕ್ಕೆ ಆ ಕಡೆ ಏರಿನೇ ಇಲ್ವಂತೆ, ನಿಜವೇನೇ ಅಮ್ಮಣ್ಣಿ?" ಎಂದು ಆ ದಿನ ನನ್ನನ್ನು ಕೇಳಿದರು. ನಮ್ಮ ಸೀಮೆಯಲ್ಲಿ ನೀರೆಂದರೆ ಕೆರೆ. ಯಾವ ಕೆರೆಯಾದರೂ ಎದುರಿಗೆ ಕೊನೆಯೊಂದು ಕಾಣುತ್ತದೆ. ನಾನು ಸಮುದ್ರ ನೋಡಿದ್ದೇನೆ, ಓದುವಾಗ, ಗೆಳತಿಯರ ಜೊತೆ. ಹೇಗಿರುತ್ತದೆ ಎಂದು ವಿವರಿಸಲು ಹೊರಟೆ. ಎರಡು ವಾಕ್ಯಕ್ಕೆ ನಿಲ್ಲಿಸಿದೆ. ನಾನು ಅಲ್ಲಿ ನಿಂತು ಹೆಚ್ಚು ಹೊತ್ತು ಫೋಟೊ ತೆಗೆದಿದ್ದೆ ಎಂಬುದು ಅವರ ಮುಖ ನೋಡುತ್ತಿದ್ದಾಗ ನೆನಪಾಯಿತು.

ಸಮುದ್ರ ಬೇಕಿದ್ದರೆ ಚೆನ್ನೈ ಇಲ್ಲವೇ, ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಅಲ್ಲಿರಬಹುದಲ್ಲ, ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ.

"ಹತ್ತಿರದ ಊರಿಗೆ ಯಾವಾಗ ಬೇಕಾದ್ರೂ ಹೋಗಬಹುದು ಮಗ," ಎಂದರು ದೊಡ್ಡಪ್ಪ, "ಅದಕ್ಕೇ ಯಾರೂ ಹೋಗಲ್ಲ. 'ಈ ಬೆಳೆ ಮುಗೀಲಿ, ಮುಂದಿನ ತಿಂಗಳು ನೋಡೋಣ' ಅಂತಾಳೆ ನಿಮ್ಮ ದೊಡ್ಡಮ್ಮ. ಇಪ್ಪತ್ತು ಸಲ ಅಂದಿದಾಳೆ. ಆಫ್ರಿಕಾ ಅಂದ್ರೆ ಹಾಗಲ್ಲ. ಟಿಕೆಟ್ ಕೊಂಡ ಮೇಲೆ ಹುಳ ಹಣ್ಣಾಯ್ತು ಅಂದ್ರೆ ವಿಮಾನದವನು ನಿಲ್ಲಿಸ್ತಾನಾ?"

ಈ ಮಾತಿನಲ್ಲಿ ಬೇಟೆ ಎಲ್ಲಿದೆ ಎಂದು ನಾನು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಊರಲ್ಲಿ ಮಾತ್ರ ಬೇಟೆಯದೇ ಮಾತು. ಟೀ ಅಂಗಡಿಯ ಮುಂದೆ ದೊಡ್ಡಪ್ಪ ಕುಳಿತರೆ ಆಫ್ರಿಕಾದ ಕಾಡು ಅಲ್ಲೇ ಎದ್ದು ನಿಲ್ಲುತ್ತಿತ್ತು. "ಏಮನ್ನಾ, ಸಿಂಹಂ ಎಪ್ಪುಡು?" ಎಂದು ತೂತು ಟ್ಯಾಂಕಿನವರು ಸಿಂಹದ ತಾರೀಕು ಕೇಳಿ ಕೆಣಕಿದರೆ, "ಬರೋ ಬೆಳೆಗೆ," ಎನ್ನುತ್ತಿದ್ದರು. ಆ ಉತ್ತರಕ್ಕೆ ವಯಸ್ಸಾಗುತ್ತಾ ಬಂತು. ಪ್ರತಿ ವರ್ಷ ಒಂದು ಹೊಸ ಯೋಜನೆ ಬರೆಸುವರು: ಹತ್ತು ದಿನ ಬೇಟೆ, ಎರಡು ದಿನ ಸಮುದ್ರ. ಪ್ರತಿ ವರ್ಷ ಯಾವುದೋ ಬೆಳೆಯ ಹುಳ ಅಡ್ಡ ಬರುವುದು. ಆ ಕಡೆಯ ಸಂಸ್ಥೆಯವರು ಮಾತ್ರ ತಾಳ್ಮೆಯ ಮೂರ್ತಿಗಳು. ಹಬ್ಬಕ್ಕೆ ಶುಭಾಶಯವನ್ನೂ ಕಳಿಸತೊಡಗಿದ್ದರು.

ಕಳೆದ ವರ್ಷ ಪಾಸ್‌ಪೋರ್ಟ್ ಮಾಡಿಸುವ ಹಂತಕ್ಕೆ ಬಂದೆವು. ದೊಡ್ಡಪ್ಪನದು ಆಯಿತು. ದೊಡ್ಡಮ್ಮನ ಸರದಿಯ ದಿನ ಹುಳಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುನ್ನ ಹುಳ ತಲೆಯೆತ್ತಿ ಅಲುಗಾಡದೆ ಕೂರುವುದನ್ನು ನಾವು ಜ್ವರ ಎನ್ನುತ್ತೇವೆ. ಆಗ ಬಿಟ್ಟು ಹೋಗಲಾಗದು. ದಿನ ಬದಲಿಸಿದೆವು. ಎರಡನೇ ಸಲ ಹುಳ ಹಣ್ಣಾಗಿದ್ದವು. ಮೂರನೇ ಸಲ ದೊಡ್ಡಪ್ಪ ಘೋಷಿಸಿದರು: "ನೀನು ಹೋಗು. ಒಂದು ದಿನ ನಾನು ನೋಡ್ಕೋತೀನಿ."

"ಹೊಗೆಸೊಪ್ಪು?"

"ಬಿಟ್ಟೆ."

ಹಿಂದಿನ ದಿನದಿಂದಲೇ ಬಿಟ್ಟರು. ಬೆಳಿಗ್ಗೆ ಮೂರು ಸಲ ಸ್ನಾನ ಮಾಡಿದರು, ಬೂದಿಯಲ್ಲಿ ಕೈ ಉಜ್ಜಿದರು, ಬೀಗರ ಮನೆಗೆ ಹೊರಟಂತೆ ಬಿಳಿ ಪಂಚೆ ಉಟ್ಟು ಹುಳದ ಮನೆಯನ್ನು ಹೊಕ್ಕರು. ಮೂವತ್ತು ವರ್ಷದಲ್ಲಿ ಮೊದಲ ಸಲ! ಸಂಜೆ ನಾವು ವಾಪಸಾದಾಗ ಮನುಷ್ಯ ಜಗಲಿಯ ಮೇಲೆ ಅಂಗಾತ ಬಿದ್ದಿದ್ದರು. "ತಿಂತಾವೆ, ತಿಂತಾವೆ, ತಿಂತಾನೇ ಇರ್ತಾವೆ ಕಣಮ್ಮ," ಎಂದರು ನನ್ನನ್ನು ನೋಡಿ. "ಒಂದು ತಟ್ಟೆಗೆ ಹಾಕಿ ಬರೋದ್ರಲ್ಲಿ ಇನ್ನೊಂದು ಖಾಲಿ. ಇದಕ್ಕಿಂತ ಸಿಂಹ ವಾಸಿ. ಅದು ಒಂದು ಸಲ ತಿಂದು ಮಲಗುತ್ತೆ."

ದೊಡ್ಡಮ್ಮ ನಕ್ಕರು. ಕಚೇರಿಯಲ್ಲಿ ನಡೆದದ್ದನ್ನು ನಗುತ್ತಲೇ ಹೇಳಿದರು: ಬೆರಳಚ್ಚು ತೆಗೆಯುವ ಯಂತ್ರ ಅವರ ಬೆರಳನ್ನು ಒಪ್ಪಲಿಲ್ಲ. ಒರೆಸಿ ಇಡಿ ಎಂದರು, ಒತ್ತಿ ಇಡಿ ಎಂದರು; ಐದಾರು ಸಲವಾದ ಮೇಲೆ ಹೇಗೋ ಬಂತು. "ಸೊಪ್ಪು ಕಿತ್ತು ಕಿತ್ತು ಬೆರಳಲ್ಲಿ ಗೆರೆನೇ ಇಲ್ಲವಂತೆ ರೀ! ಆ ಹುಡುಗಿ ಹೇಳ್ತು."

ದೊಡ್ಡಪ್ಪ ಎದ್ದು ಕುಳಿತು, ದೊಡ್ಡಮ್ಮ ಒಳಗೆ ಹೋಗುವವರೆಗೆ ತಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಮುಂದಿನ ಭಾನುವಾರದಿಂದ ಪತ್ರಗಳು ಬದಲಾದವು. "ಬೇಟೆ ಏಳು ದಿನ ಸಾಕು. ಸಮುದ್ರ ನಾಲ್ಕು ಮಾಡು." ಮಾಡಿದೆ. ತಿಂಗಳು ಕಳೆದ ಮೇಲೆ, "ಬೇಟೆ ಮೂರು, ಸಮುದ್ರ ಆರು." ಆಮೇಲೆ, "ಬೇಟೆ ಒಂದು." ಸಂಸ್ಥೆಯವರು ಗಾಬರಿಯಾಗಿ, ಒಂದೇ ದಿನದಲ್ಲಿ ಯಾವ ಪ್ರಾಣಿಯೂ ಸಿಗುವುದು ಕಷ್ಟ ಎಂದು ಬರೆದರು. "ಪರವಾಗಿಲ್ಲ ಅಂತ ಬರಿ," ಎಂದರು ದೊಡ್ಡಪ್ಪ. ಕೊನೆಗೆ ಅದೂ ಹೋಯಿತು. ಅವರಿಂದ ಬಂದ ಉತ್ತರ ಬಹಳ ಸಭ್ಯವಾಗಿತ್ತು: ಬೇಟೆಯೇ ಇಲ್ಲದ ಬೇಟೆಯ ಪ್ರವಾಸವನ್ನು ತಾವು ಇದುವರೆಗೆ ಏರ್ಪಡಿಸಿಲ್ಲ, ಆದರೂ ಇಷ್ಟು ವರ್ಷದ ಪರಿಚಯದ ಮೇಲೆ ಕೇಪ್ ಟೌನಿನ ವ್ಯವಸ್ಥೆ ಸಂತೋಷದಿಂದ ಮಾಡಿಕೊಡುತ್ತೇವೆ.

"ಊರಲ್ಲಿ ಬಾಯಿ ಬಿಡಬೇಡ," ಎಂದು ನನ್ನಿಂದ ಮಾತು ತೆಗೆದುಕೊಂಡರು. "ಬೇಟೆಗೆ ಅಂತಲೇ ಇರಲಿ. ಹೆಂಡತಿಗೆ ನೀರು ತೋರ್ಸೋಕೆ ಬೆಳೆ ಬಿಟ್ಟ ಅಂದ್ರೆ ಟೀ ಅಂಗಡೀಲಿ ನನ್ನ ಬಿಡ್ತಾರಾ?" ದೊಡ್ಡಮ್ಮನಿಗೂ ಹೇಳಿರಲಿಲ್ಲ.

ಕಳೆದ ಭಾನುವಾರ ನಾನು ಹೋದಾಗ ಶೆಡ್ಡು ತೊಳೆದು ಒಣಗಿತ್ತು. ಹೊಸ ಹುಳ ಬರುವ ವಾರ. ಎಳೆಹುಳ ಕೊಡುವವರ ಫೋನು ಬಂತು. ಆ ಕಡೆಯವರ ದನಿ ಜಗಲಿಯವರೆಗೆ ಕೇಳುತ್ತಿತ್ತು.

"ಅಣ್ಣಾ, ನಿಮಗೆ ಯಾವತ್ತಿನಷ್ಟೇ ತಾನೆ?"

"ಈ ಸಲ ಬೇಡಪ್ಪ."

"ಯಾಕಣ್ಣಾ? ಸೊಪ್ಪಿಗೆ ರೋಗವಾ?"

"ಸೊಪ್ಪು ಚೆನ್ನಾಗಿದೆ. ಬೇಟೆಗೆ ಹೋಗ್ತಿದೀನಿ."

ದೊಡ್ಡಮ್ಮ ಮೊರದಲ್ಲಿ ಅವರೆಕಾಳು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಬೆಳೆ ಬಿಡ್ತೀರಾ? ಅಷ್ಟು ಸೊಪ್ಪು ಬಲಿತು ಹೋಗುತ್ತಲ್ರೀ!"

"ಹೋಗಲಿ. ಹಸುಗಳು ತಿಂತಾವೆ." ದೊಡ್ಡಪ್ಪ ನನ್ನ ಕಡೆ ಕೈ ಮಾಡಿದರು. "ಓದು ಮಗ. ಮೊದಲಿಂದ ಓದು."

ನಾನು ಕಾರ್ಯಕ್ರಮವನ್ನು ಕನ್ನಡದಲ್ಲಿ ಓದಿದೆ. ಮೊದಲ ದಿನ ಊರು ತಲುಪುವುದು; ಕಿಟಕಿಯಿಂದ ಸಮುದ್ರ ಕಾಣುವ ಕೋಣೆ. ಎರಡನೇ ದಿನ ಮರಳ ದಂಡೆ. ಮೂರನೇ ದಿನ ಮೇಜಿನಂತೆ ಚಪ್ಪಟೆಯಾದ ಬೆಟ್ಟದ ಮೇಲಿನಿಂದ ಸಮುದ್ರ ನೋಡುವುದು. ನಾಲ್ಕನೇ ದಿನ ದೋಣಿ. ಐದನೇ ದಿನ ಏನೂ ಇಲ್ಲ, ದಂಡೆಯಲ್ಲಿ ಕೂರುವುದು. ಆರನೇ ದಿನ ಹೊರಡುವುದು.

ಓದಿ ಮುಗಿಸಿದರೂ ದೊಡ್ಡಮ್ಮ ಕಾಯುತ್ತಿದ್ದರು.

"ಬೇಟೆ ಯಾವತ್ತು?"

ದೊಡ್ಡಪ್ಪ ಗೋಡೆ ನೋಡುತ್ತಿದ್ದರು. "ಆ ಕಾಡಿಗೆಲ್ಲ ಬೇಲಿ ಹಾಕಿದಾರಂತೆ ಕಣೇ. ಬೇಲಿಯೊಳಗಿನ ಪ್ರಾಣಿ ಹೊಡೆಯೋಕೆ ಅಷ್ಟು ದೂರ ಹೋಗಬೇಕಾ?"

ನಾನು ಪರದೆಯ ಮೇಲಿನ ಅಕ್ಷರಗಳನ್ನು ಮೇಲೆ ಕೆಳಗೆ ಸರಿಸುತ್ತಾ ಕುಳಿತೆ. ಯಾರ ಮುಖವನ್ನೂ ನೋಡುವುದು ಸರಿಯಲ್ಲ ಎನಿಸಿತು. ಮೊರ ಕೆಳಗಿಟ್ಟ ಸದ್ದು ಕೇಳಿತು. ದೊಡ್ಡಮ್ಮ ಬಂದು ನನ್ನ ಪಕ್ಕದಲ್ಲಿ ಕುಳಿತರು. ಗಂಡನ ಕಡೆ ತಿರುಗದೆ, ತಮಗೆ ಓದಲು ಬಾರದ ಆ ಇಂಗ್ಲಿಷ್ ಸಾಲುಗಳನ್ನೇ ನೋಡುತ್ತಾ, ಶಾಲೆಯ ಹುಡುಗಿ ಮೇಷ್ಟರನ್ನು ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದರು:

"ಅಮ್ಮಣ್ಣಿ, ಇನ್ನೊಂದು ದಿನ ಸೇರ್ಸೋಕೆ ಆಗುತ್ತಾ ಅಂತ ಬರೀತೀಯಾ?"

ದೊಡ್ಡಪ್ಪ ಗೋಡೆಯ ಕಡೆಗೇ ಹೇಳಿದರು.

"ಎರಡು ಅಂತ ಬರಿ, ಮಗ."