ಗಾಡಿ ಕೆಡಲಿಲ್ಲವೆಂಬ ತಕರಾರು

ಮಿಠಾಯಿ ಮಾರುವವನನ್ನು "ನೀವು ತಿಂದು ನೋಡಿದ್ದೀರಾ?" ಎಂದು ಯಾರೂ ಕೇಳುವುದಿಲ್ಲ, ಅವನ ಹೊಟ್ಟೆ ನೋಡಿದರೆ ತಿಳಿಯುತ್ತದೆ. ಸೀರೆ ಅಂಗಡಿಯವನು ತಾನೇ ಉಟ್ಟು ನೋಡಿದ್ದೇನೆಂದು ಹೇಳಿದರೆ ಗಿರಾಕಿಗಳು ಚಪ್ಪಲಿ ಹುಡುಕಿಯಾರು. ಪ್ರವಾಸ ಮಾರುವವರ ಪಾಡು ಮಾತ್ರ ಬೇರೆ. "ನೀವು ಹೋಗಿದ್ರೇನ್ರೀ?" ಎಂಬುದೇ ಮೊದಲ ಪ್ರಶ್ನೆ. ಹೋಗಿದ್ದೆ ಎಂದರೆ ಸಾಲದು, ಅಲ್ಲಿ ಏನಾಯಿತೆಂದೂ ಹೇಳಬೇಕು. ಚೆನ್ನಾಗಿ ಹೇಳಿದರೆ ಟಿಕೆಟ್ಟು, ಇಲ್ಲದಿದ್ದರೆ ಬರೀ ಚಹಾದ ಖರ್ಚು. ನಾನು ಯಾವ ಕಂಪನಿಯ ಹಂಗೂ ಇಲ್ಲದೆ, ಪುಣೆಯ ಚಿಂಚವಾಡದ ನಮ್ಮ ಫ್ಲ್ಯಾಟಿನ ಊಟದ ಮೇಜನ್ನೇ ಆಫೀಸು ಮಾಡಿಕೊಂಡು ಈ ಧಂದೆ ನಡೆಸುವವಳು. ಹನ್ನೊಂದರಿಂದ ಒಂದರವರೆಗೆ ಅದು ಟ್ರಾವೆಲ್ ಏಜೆನ್ಸಿ. ಒಂದು ಗಂಟೆಗೆ ಯಜಮಾನರು ತಾಟು ಹಿಡಿದು ಬಂದು ನಿಂತರೆ, ಹಿಮಾಲಯವನ್ನೆಲ್ಲ ಮಡಿಚಿ ಫ್ರಿಜ್ಜಿನ ಮೇಲಿಡಬೇಕು.

ಕತೆ ಹೇಳುವುದನ್ನು ನಾನು ಕಲಿತದ್ದು ಧಾರವಾಡದ ನನ್ನ ಅಜ್ಜಿಯಿಂದ. ಆಕೆ ಜನ್ಮದಲ್ಲಿ ಒಂದೇ ಸಲ ಕಾಶಿಗೆ ಹೋಗಿ ಬಂದು, ಆ ಒಂದು ಸಲವನ್ನು ಸಾಯುವತನಕ ಹೇಳಿದಳು. ಅದರಲ್ಲಿ ವಿಶ್ವನಾಥ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತಿದ್ದ. ಉಳಿದದ್ದೆಲ್ಲ ರೈಲಿನಲ್ಲಿ ಅವಲಕ್ಕಿ ಡಬ್ಬಿ ಅದಲುಬದಲಾಗಿ, ಹಸಿದು ಮುಚ್ಚಳ ತೆಗೆದರೆ ಒಳಗೆ ಯಾರದೋ ದಾಡಿ ಮಾಡಿಕೊಳ್ಳುವ ಸಾಮಾನು ಸಿಕ್ಕ ಕತೆ. "ದೇವರ ಬಗ್ಗೆ ಇನ್ನಷ್ಟು ಹೇಳಬೇ" ಎಂದು ನಾವು ಕೇಳಿದರೆ, "ದೇವರು ಎಲ್ಲಾರಿಗೂ ಒಂದ ನಮೂನಿ ಕಾಣ್ತಾನ. ಡಬ್ಬಿ ಕಳದದ್ದು ನನಗೊಬ್ಬಾಕಿಗೆ" ಎನ್ನುತ್ತಿದ್ದಳು. ಈ ಒಂದು ಮಾತಿನ ಮೇಲೆ ನನ್ನ ಇಡೀ ವ್ಯಾಪಾರ ನಿಂತಿದೆ. ಸಮುದ್ರ, ಕೋಟೆ, ಸೂರ್ಯಾಸ್ತಗಳನ್ನು ಯಾವ ಏಜೆಂಟನೂ ತೋರಿಸುತ್ತಾನೆ. ನಾನು ಕೊಡುವುದು ನನ್ನ ಡಬ್ಬಿಗಳನ್ನು.

ಅವುಗಳಲ್ಲೆಲ್ಲ ಅತ್ಯುತ್ತಮವಾದದ್ದು ಕೊಂಕಣದ ಡಬ್ಬಿ. ಏಳು ವರ್ಷದ ಹಿಂದೆ ನಾನೂ ಯಜಮಾನರೂ ನಮ್ಮ ಹಳೆಯ ಕಾರಿನಲ್ಲಿ ಹೊರಟು, ತಾಮ್ಹಿಣಿ ಘಾಟು ಇಳಿದು ಮಾಣಗಾಂವ ಮುಟ್ಟುವ ಮೊದಲೇ ಕಾರಿನ ಬೆಲ್ಟು ಹರಿದು ರಸ್ತೆಯಲ್ಲಿ ನಿಂತೆವು. ಎದುರಿಗೊಂದು ಹೆಂಚಿನ ಮನೆ. ಅದರಿಂದ ಹಣೆಯಲ್ಲಿ ಕಾಸಗಲ ಕುಂಕುಮವಿಟ್ಟ ಒಬ್ಬ ಅಜ್ಜಿ ಹೊರಬಂದು, ಹೆಸರು ಕೇಳದೆ ಕುಲ ಕೇಳದೆ ಒಳಗೆ ಕರೆದಳು. ಬಿಸಿ ಅಕ್ಕಿ ಭಕ್ಕರಿ, ಹುರುಳಿ ಹಿಟ್ಟಿನ ಪಿಠಲೆ, ತೆಂಗಿನ ಹಾಲಿಗೆ ಕೋಕಂ ಹಿಂಡಿದ ಗುಲಾಬಿ ಬಣ್ಣದ ಸೋಲಕಢಿ. ಯಜಮಾನರು ಉಂಡು ತೂಗುಮಂಚದ ಮೇಲೆ ಮಗುವಿನಂತೆ ಮಲಗಿದರು. ಮೆಕ್ಯಾನಿಕ್ಕು ಬರುವತನಕ ಎರಡು ತಾಸು ಅಮೃತ ಉಂಡ ಹಾಗೆ ಕಳೆಯಿತು. ಇದನ್ನು ನಾನು ಹೇಳುವಾಗ ಕೇಳುವವರ ಬಾಯಲ್ಲಿ ನೀರು, ಕಣ್ಣಲ್ಲಿ ನೀರು, ಎರಡೂ ಬರುತ್ತವೆ. ಅದೇ ಹೊತ್ತಿಗೆ ಸರಿಯಾಗಿ ಒಳಗಿನ ಕೋಣೆಯಿಂದ ಯಜಮಾನರು ಕೆಮ್ಮುತ್ತಾರೆ. ಪಿಂಪ್ರಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಧೂಳು ಕುಡಿದವರೆಂದು ನಾನು ಏಳು ವರ್ಷವೂ ಕಷಾಯ ಮಾಡಿಕೊಡುತ್ತ ಬಂದೆ.

ಈ ಕತೆ ಕೇಳಿಯೇ ಮಂದಾಕಿನಿ ಕಾಕು ತಮ್ಮ ಭಜನಾ ಮಂಡಳಿಯ ಹದಿನಾರು ಹೆಂಗಸರಿಗೆ ಕೊಂಕಣದ ಪ್ರವಾಸ ಗೊತ್ತುಮಾಡಿಸಿದರು. ಕಾಕು ಬೆಳಗಾವಿಯವರು, ನಮ್ಮ ಭಾಗದ ಕನ್ನಡ ಮನೆಗಳಿಗೆಲ್ಲ ಹಿರಿಯರು. ನನ್ನ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಅವರ ಮಾತಿನ ಮೇಲೆಯೇ ಬಂದವರು. ಹಾಗಾಗಿ ನಾನು ಜೀವ ಬಿಟ್ಟು ಏರ್ಪಾಡು ಮಾಡಿದೆ. ಹೊಸ ಟೆಂಪೊ ಟ್ರಾವೆಲರ್, ಗಾಡಿಯನ್ನು ಕಣ್ಣಿನಂತೆ ಕಾಯುವ ಭಾವುಸಾಹೇಬನೆಂಬ ಚಾಲಕ, ಸಮುದ್ರದೆದುರು ಕೋಣೆ, ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ ಅಡಿಗೆ. ಒಬ್ಬರಿಗೂ ನೆಗಡಿ ಕೂಡ ಆಗದೆ ಹದಿನಾರೂ ಮಂದಿ ಹೇಳಿದ ಹೊತ್ತಿಗೆ ಮರಳಿದರು. ಮರುದಿನ ಕಾಕು ಬಂದಾಗ ನಾನು ಹೊಗಳಿಸಿಕೊಳ್ಳಲು ತಯಾರಾಗಿ, ಬೇಡ ಬೇಡ ಎನ್ನುವ ಮುಖವನ್ನು ಮೊದಲೇ ಮಾಡಿಟ್ಟುಕೊಂಡಿದ್ದೆ. ಅವರು ಚಹಾ ಮುಟ್ಟಲಿಲ್ಲ. ಚೀಲದಿಂದ ಒಂದು ತೆಂಗಿನಕಾಯಿ, ಒಂದು ಗುಳೇದಗುಡ್ಡದ ಖಣ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು.

"ಏನಾತ್ರೀ ಕಾಕು?"

"ಏನೂ ಆಗ್ಲಿಲ್ಲವಾ ಸುಧಾ. ಅದ ನಮ್ಮ ತಕರಾರು."

"ಅಂದ್ರ?"

"ಗಾಡಿ ಎಲ್ಲೆ ಕೆಡ್ತು? ಘಾಟ್ ಇಳಿಯೂಮುಂದ ಒಂದೊಂದು ತಿರುವಿಗೂ ಈಗ ಕೆಡ್ತದ, ಈಗ ಕೆಡ್ತದ ಅಂತ ಕೂತೇವಿ. ಆ ಮುದುಕಿ ಉಡಿ ತುಂಬಬೇಕಂತ ಬೆಳಗಾವಿಯಿಂದ ಖಣ ತರಿಸಿದ್ದೆ. ನಿನ್ನ ಭಾವುಸಾಹೇಬ ಒಂದ ಉಸಿರಿಗೆ ಸಮುದ್ರಕ್ಕ ಒಯ್ದು ಒಗದಾ. ತೂಗುಮಂಚದ ಮನಿ ಹುಡುಕಪಾ ಅಂದ್ರ, ಈ ಕಡೆ ಮನಿಗೊಂದು ತೂಗುಮಂಚ ಅದ ಅಂದಾ."

ಊಟದಲ್ಲಿ ಜಿರಳೆ ಸಿಕ್ಕ ದೂರನ್ನು ಕೇಳಿದ್ದೇನೆ, ಹಿಮ ತಣ್ಣಗಿತ್ತೆಂಬ ದೂರನ್ನೂ ಕೇಳಿದ್ದೇನೆ. ಗಾಡಿ ಕೆಡಲಿಲ್ಲವೆಂಬ ದೂರನ್ನು ಕೇಳಿದ್ದು ಇದೇ ಮೊದಲು. ಉಡಿ ತುಂಬಲೆಂದು ಸಂಕಲ್ಪಿಸಿದ ಕಾಯಿಯನ್ನು ಮನೆಗೆ ತಿರುಗಿ ತಂದದ್ದು ಹದಿನಾರು ಹೆಂಗಸರ ಮನಸ್ಸನ್ನೂ ಕೆದಕಿತ್ತು. ಕಾಕು ಎದ್ದು ನಿಂತು ತೀರ್ಪು ಹೇಳಿದರು: "ಇನ್ನೊಂದು ಸಲ ಹೋಗ್ತೇವಿ. ಸಮುದ್ರ ಬ್ಯಾಡ, ಆ ಮನಿ ಸಾಕು. ಈ ಸಲ ಸರಿಯಾಗಿ ಕೆಡಸು. ಆಗೂದಿಲ್ಲಂದ್ರ ಹೇಳಿಬಿಡು, ಹಡಪಸರದಾಗ ನನ್ನ ನಾದಿನಿ ಮಗಾ ಇದ ಧಂದೆ ಸುರು ಮಾಡ್ಯಾನ."

ಮಂಡಳಿ ಹಡಪಸರಕ್ಕೆ ಹೋದರೆ ನನ್ನ ಆಫೀಸು ಮತ್ತೆ ಬರೀ ಊಟದ ಮೇಜು. ಭಾವುಸಾಹೇಬನನ್ನು ಕರೆಸಿ, ದಾರಿಯಲ್ಲಿ ಗಾಡಿಯನ್ನು ತುಸು ಕೆಡಿಸಬೇಕಾಗಿತ್ತು ಎಂದೆ. ಅವನು ಬಾಯಿ ತೆರೆದು ನನ್ನನ್ನು ನೋಡಿದ ರೀತಿಗೆ, ನಾನು ಅವನ ಮಗಳನ್ನು ಪರೀಕ್ಷೆಯಲ್ಲಿ ನಾಪಾಸು ಮಾಡಿಸು ಅಂದೆನೋ ಎಂದು ನನಗೇ ಅನ್ನಿಸಿತು. ಅವನ ಮಾತು ಮರಾಠಿ. ನಮ್ಮ ಭಾಷೆಗೆ ತಂದು ಹೇಳುತ್ತೇನೆ. "ಬಾಯೀ, ನನ್ನ ಗಾಡಿ ಇವತ್ತಿನತನಕ ರಸ್ತೆಮ್ಯಾಲೆ ನಿಂತಿಲ್ಲ. ಸ್ಟ್ಯಾಂಡಿನಾಗ ನಾಳೆ ಮುಖಾ ಹೆಂಗ ತೋರಿಸಲಿ?" ಮೂರು ಕಪ್ಪು ಚಹಾ ಆದ ಮೇಲೆ ಒಂದು ರಾಜಿಗೆ ಬಂದ. ಆ ಮನೆಯ ಮುಂದೆ ನಿಲ್ಲಿಸಿ ಬಾನೆಟ್ ತೆಗೆಯುತ್ತಾನೆ. ಗಾಡಿ ಕೆಟ್ಟಿದೆ ಎಂದು ಮಾತ್ರ ತನ್ನ ಬಾಯಿಂದ ಹೇಳುವುದಿಲ್ಲ. ತಿಳಿದುಕೊಳ್ಳುವವರು ತಿಳಿದುಕೊಳ್ಳಲಿ.

ಮನೆ ಗುರುತಿಸಲು ನಾನೂ ಹೊರಟೆ. ಯಜಮಾನರನ್ನು ಕರೆದೆ, ಅವರು ಕೆಮ್ಮಿ, ಬರುತ್ತೇನೆಂದರು. ಹೆಂಗಸರು ಬುತ್ತಿ ಕಟ್ಟಿಕೊಂಡಿದ್ದರು: ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಮುಳಶಿ ದಾಟುವವರೆಗೆ ಭಜನೆ ನಡೆಯಿತು. ಆಮೇಲೆ ಕಾಕು ಮುಂದಿನ ಸೀಟಿನಿಂದ ತಿರುಗಿ, "ಸುಧಾ, ಉಡಿ ತುಂಬೂಮುಂದ ಹೆಸರು ಹಿಡದು ಹರಸಬೇಕು. ಆಕಿ ಹೆಸರೇನು?" ಎಂದು ಕೇಳಿದರು.

ನನಗೆ ಹೆಸರು ಗೊತ್ತಿರಲಿಲ್ಲ. ಏಳು ವರ್ಷ ಆಕೆಯ ಭಕ್ಕರಿಯನ್ನು ಮಾರಿ ನಾನು ಬದುಕಿದ್ದೆ. ಒಂದು ಸಲವೂ ಫೋನು ಮಾಡಿದ್ದಿಲ್ಲ, ಹೆಸರು ಕೇಳಿದ್ದಿಲ್ಲ. ಆಕೆ ಹೆಸರು ಕೇಳದೆ ಕರೆದಳೆಂದು ಎದೆಯುಬ್ಬಿಸಿ ಹೇಳುತ್ತಿದ್ದವಳು, ನಾನೂ ಕೇಳಲಿಲ್ಲ ಎಂಬುದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. "ಅಲ್ಲೇ ಕೇಳೂಣಂತ್ರೀ" ಎಂದು ಗೊಣಗಿ ಕಿಟಕಿಯ ಹೊರಗೆ ನೋಡಿದೆ. ಹೊರಗೆ ನೋಡಿದರೆ ಇನ್ನೂ ಗಾಬರಿ. ಭಾವುಸಾಹೇಬ ಹೇಳಿದ್ದು ನಿಜ, ಮನೆಗೊಂದು ತೂಗುಮಂಚ. ಯಾವುದೆಂದು ನನಗೆ ಗುರುತೇ ಸಿಗಲಿಲ್ಲ. ಆಗ ಹಿಂದಿನ ಸೀಟಿನಿಂದ ಯಜಮಾನರು, "ಇಲ್ಲೇ ನಿಲ್ಲಿಸ್ರಿ. ಆ ಸೊಟ್ಟ ತೆಂಗಿನ ಗಿಡದ ಮನಿ" ಎಂದರು.

"ನಿಮಗ ಹೆಂಗ ನೆನಪದ?" ಎಂದೆ.

"ನಿನ್ನ ಮಾರಿ ನೋಡೂದು ತಪ್ಪಸಲಿಕ್ಕೆ ಎರಡು ತಾಸು ಆ ಗಿಡಾನ ನೋಡೀನಿ."

ಚೇಷ್ಟೆ ಮಾಡುತ್ತಾರೆಂದುಕೊಂಡೆ. ಭಾವುಸಾಹೇಬ ಗಾಡಿ ನಿಲ್ಲಿಸಿ, ಬಾನೆಟ್ ತೆಗೆದು, ಸಮಾಧಾನವಾಗದೆ ಇಂಜಿನ್ನನ್ನು ಬಟ್ಟೆಯಿಂದ ಒರೆಸಿ ಥಳಥಳ ಹೊಳೆಯುವಂತೆ ಮಾಡತೊಡಗಿದ. ಹದಿನಾರೂ ಮಂದಿ ಇಳಿದು, "ಅಯ್ಯ, ಕೆಡ್ತಲ್ಲ" ಎಂದು ತೃಪ್ತಿಯಿಂದ ನಿಟ್ಟುಸಿರುಬಿಟ್ಟರು. ಮನೆಯಿಂದ ಅದೇ ಕಾಸಗಲ ಕುಂಕುಮದ ಅಜ್ಜಿ ಹೊರಬಂದಳು. ನಾನು ಅವಳ ಕಡೆ ಎರಡು ಹೆಜ್ಜೆ ಹಾಕಿದೆ. ಅವಳು ನನ್ನನ್ನು ದಾಟಿ ಯಜಮಾನರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಗಲು ಸುರುಮಾಡಿದಳು.

"ಬೆಲ್ಟಿನವರು ಬಂದ್ರು" ಎಂದಳು ಮರಾಠಿಯಲ್ಲಿ. "ಇನ್ನೂ ಕೂಡೇ ಇದ್ದೀರೇನು?"

ಹದಿನಾರು ಹೆಂಗಸರೂ ಪಡಸಾಲೆಯಲ್ಲಿ ಕೂತರು. ಪುಣೆಯಲ್ಲಿ ನಲವತ್ತು ವರ್ಷ ಕಳೆದವರು, ಮರಾಠಿ ಅವರಿಗೆ ನೀರು ಕುಡಿದ ಹಾಗೆ. ಆ ಮುದುಕಿಯೂ ನನ್ನ ಅಜ್ಜಿಯ ಜಾತಿಯ ಕತೆಗಾರ್ತಿಯೇ. ಅಡಿಕೆ ಕತ್ತರಿಸುತ್ತ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಹೇಳಿದಳು. "ಗಂಡಾ ಹೆಂಡತಿ ಈ ಬಾಗಿಲಿಗೆ ಬಂದಾಗ ಜಗಳಾ ಅಂದ್ರ ಜಗಳಾ, ಅದೂ ನನಗ ತಿಳಿಯೂಹಂಗ ಮರಾಠಿಯೊಳಗ. ಈಕಿ ಅಂತಾಳ, ಮೂವತ್ತು ವರ್ಷ ಕಾರ್ಖಾನಿಯೊಳಗ ಇದ್ದವಗ ಒಂದು ಬೆಲ್ಟು ತಿಳಿಯೂದಿಲ್ಲ, ರಿಪೇರಿಗೆ ಬಿಡ್ರಿ ಅಂದ್ರ ಬಿಡಲಿಲ್ಲ. ಅಂವಾ ಅಂತಾನ, ಬೆಲ್ಟು ಹರದದ್ದು ನಿನ್ನ ಮಾತಿನ ಭಾರಕ್ಕ. ಈಕಿ ನನ್ನ ಕೇಳ್ತಾಳ, ಧಾರವಾಡದ ಬಸ್ಸು ಎಲ್ಲಿ ಸಿಗ್ತದ? ನಾ ಅಂದೆ, ಮೊದಲ ಉಣ್ಣವಾ, ಆಮ್ಯಾಲೆ ಗಂಡನ್ನ ಬಿಡು. ಅಂವಾ ಈಕಿಗೆ ಬೆನ್ನು ಮಾಡಿ ತೂಗುಮಂಚದಾಗ ಬಿದ್ದಾ. ಈಕಿ ಉಂಡು, ಪಿಠಲೆಗೆ ಉಪ್ಪು ಜಾಸ್ತಿ ಆಗ್ಯದ ಅಂದ್ಲು. ನಾ ಅಂದೆ, ನಾ ಹಾಕಿದ್ದು ಸರಿಯಾಗೇ ಅದ. ನೀ ಅಳಕೋತ ಉಣ್ಣಾಕತ್ತೀ, ಮ್ಯಾಲಿನ ಉಪ್ಪು ನಿಂದು."

ಪಡಸಾಲೆ ನಗೆಯಿಂದ ಬಿರಿಯಿತು. ಭಾವುಸಾಹೇಬ ಕೂಡ ಬಾನೆಟ್ಟಿನ ಹಿಂದಿನಿಂದ ತಲೆಯೆತ್ತಿ ನಕ್ಕ. ನನಗಾದ ಆಘಾತವನ್ನು ಹೇಗೆ ಹೇಳಲಿ? ಆಕೆ ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಆಕೆ ಹೇಳುತ್ತಿದ್ದ ಹಾಗೆ ನನಗೆ ಒಂದೊಂದಾಗಿ ನೆನಪಾಗುತ್ತ ಬಂತು: ಕಾರಿನ ಬಾಗಿಲು ಬಡಿದದ್ದು, ಧಾರವಾಡದ ಬಸ್ಸು ಕೇಳಿದ್ದು, ಉಪ್ಪು. ಮನೆಗೆ ಬಂದು ಮೂರು ದಿನ ಮಾತಾಡದೆ ಇದ್ದದ್ದು ಕೂಡ. ಗಿರಾಕಿಗಳಿಗೆ ಹೇಳಿ ಹೇಳಿ ಆ ದಿನವನ್ನು ನಾನು ಎಷ್ಟು ಚೊಕ್ಕ ತೊಳೆದಿದ್ದೆನೆಂದರೆ, ಮೊದಲು ಮರುಳಾದವಳು ನಾನೇ. ಯಜಮಾನರ ಕೆಮ್ಮಿಗೆ ಕಷಾಯ ಬೇಕಿರಲಿಲ್ಲ. ಪಾಪ, ಅವರು ಏಳು ವರ್ಷ ನುಂಗಿದ್ದು ಶುಂಠಿಯನ್ನಷ್ಟೇ ಅಲ್ಲ.

"ಈ ಕತಿ ನಾ ಊರಾಗೆಲ್ಲಾ ಹೇಳೀನಿ" ಎಂದಳು ಅಜ್ಜಿ. "ಯಾರ ಮನ್ಯಾಗ ಗಂಡಾ ಹೆಂಡತಿ ಜಗಳಾಡಿದ್ರೂ ನನ್ನ ಕರೀತಾರ. ಬೆಲ್ಟಿನವರ ಕತಿ ಹೇಳಿ ನಗಿಸಿ ಬರ್ತೀನಿ." ಆಮೇಲೆ ನನ್ನ ಕೈ ಹಿಡಿದು, "ನಿನ್ನ ಹೆಸರೇನವಾ? ಇಷ್ಟು ವರ್ಷ ಹೇಳಿದೆ, ಕೇಳೇ ಇರಲಿಲ್ಲ ನೋಡು" ಎಂದಳು.

ನಾನು ಸುಧಾ ಎಂದೆ. ಆಕೆ ದ್ವಾರಕಾ ಎಂದಳು. ಪ್ರವಾಸಿ ನಾನು, ನೋಡುವ ಸ್ಥಳ ಅವಳು ಎಂದು ನಾನು ತಿಳಿದುಕೊಂಡಿದ್ದೆ. ಅವಳ ಲೆಕ್ಕದಲ್ಲಿ ತಾನಾಗಿ ಬಾಗಿಲಿಗೆ ಬಂದು ನಿಂತ ಸ್ಥಳ ನಾನೇ.

ಕಾಕು ಹೆಸರು ಹಿಡಿದು ಹರಸಿ ದ್ವಾರಕಾಬಾಯಿಯ ಉಡಿ ತುಂಬಿದರು. ಕಟಕ ರೊಟ್ಟಿಯನ್ನು ಎಲ್ಲರೂ ಹಂಚಿಕೊಂಡು ಉಂಡರು. ಅವಳು ಸೋಲಕಢಿ ಬಡಿಸಿದಳು. ಉಪ್ಪು ಸರಿಯಾಗಿದೆಯೇ ಎಂದು ಹದಿನಾರು ಮಂದಿಯೂ ಸರದಿಯಂತೆ ನನ್ನನ್ನು ಕೇಳಿದರು. ಹೊರಡುವಾಗ ಭಾವುಸಾಹೇಬ ಬಾನೆಟ್ ಹಾಕಿ ಒಂದೇ ಸಲಕ್ಕೆ ಗಾಡಿ ಸುರುಮಾಡಿ, ಎಲ್ಲರಿಗೂ ಕೇಳುವ ಹಾಗೆ, "ಇದಕ್ಕ ಏನೂ ಆಗಿರಲಿಲ್ಲ" ಎಂದ. ಯಾರೂ ಅವನನ್ನು ನಂಬಲಿಲ್ಲ.

ಹಡಪಸರದ ಮಾತು ಮತ್ತೆ ಬರಲಿಲ್ಲ. ಕಳೆದ ವಾರ ಕಾಕು ಬಂದು ಚಹಾ ಕುಡಿದು, ಬಾದಾಮಿ ಪಟ್ಟದಕಲ್ಲಿಗೆ ಮೂರು ದಿನದ ಪ್ರವಾಸ ಹೇಳಿಹೋದರು. ಷರತ್ತು ಒಂದೇ. "ನೀವಿಬ್ಬರೂ ಜೋಡಿ ಬರಬೇಕು. ಗಾಡಿ ಕೆಡದಿದ್ರೂ ನಡೀತದ, ಜಗಳಾ ತಪ್ಪಬಾರದು." ಗಿರಾಕಿಯ ಮಾತನ್ನು ತೆಗೆದುಹಾಕಿ ನನಗೆ ರೂಢಿಯಿಲ್ಲ. ಎರಡನೆಯ ದಿನ, ಮಧ್ಯಾಹ್ನದ ಊಟವಾದ ಮೇಲೆ, ಅರ್ಧ ತಾಸು ಎಂದು ಕಾರ್ಯಕ್ರಮದ ಪಟ್ಟಿಯಲ್ಲಿ ಬರೆದುಕೊಂಡೆ. ಯಾವ ವಿಷಯಕ್ಕೆ ಜಗಳವಾಡೋಣವೆಂದು ಯಜಮಾನರನ್ನು ಕೇಳಿದೆ. ಅವರು ನನ್ನ ತವರುಮನೆಯ ವಿಷಯ ತೆಗೆದರು. ನಾನು ಬೆಲ್ಟಿನದೇ ಇರಲಿ ಎಂದೆ. ಮಾತಿಗೆ ಮಾತು ಬೆಳೆಯಿತು. ನಿನ್ನೆಯಿಂದ ನಾವಿಬ್ಬರೂ ಮಾತಾಡುತ್ತಿಲ್ಲ, ಪ್ರವಾಸಕ್ಕೆ ಇನ್ನೂ ಹತ್ತು ದಿನವಿದೆ.