ಜಿಗ್‌ಸಾ ಪೂಜೆಗೆ ಕೂತ ದಿನ

ನಮ್ಮ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಬೇರೆಯವರ ಮನೆಗೆ ಮಿಕ್ಸರ್ ಬಂದರೆ ಚಟ್ನಿ ಆಗುತ್ತದೆ, ನಮ್ಮ ಮನೆಗೆ ಬಂದರೆ ಕಥೆ ಆಗುತ್ತದೆ. ಹೋದ ವರ್ಷ ನಾನೊಂದು ಜಿಗ್‌ಸಾ ತಂದೆ. ಬ್ಯಾಟರಿಯ ಮೇಲೆ ನಡೆಯುವ ಗರಗಸ ಅದು. ವೈರಿಲ್ಲ. ಹೊಲಿಗೆ ಯಂತ್ರದ ಸೂಜಿಯ ಹಾಗೆ ಬ್ಲೇಡು ಮೇಲೆ ಕೆಳಗೆ ಕುಣಿಯುತ್ತದೆ.

ತರಲು ಕಾರಣ ಖಾನಾಪುರದ ನಮ್ಮ ಮಾವನವರು. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೂತು ಕೆಲಸ ಮಾಡುವವನು. ಆ ಕೂತದ್ದೇ ಅವರ ಕಣ್ಣಿಗೆ ಬಿದ್ದಿತ್ತು. ಅವರ ಮನೆಯಲ್ಲಿ ನಾನು ಸುತ್ತಿಗೆಗೆ ಕೈ ಹಾಕಿದರೆ ಸಾಕು, "ಅಳ್ಯಾರ, ನೀವು ಕುಂದರ್ರಿ" ಅನ್ನುತ್ತಿದ್ದರು. ಬಲ್ಬ್ ಬದಲಿಸಲು ಎದ್ದರೂ "ನೀವು ಕುಂದರ್ರಿ". ಮದುವೆಯಾದಾಗಿನಿಂದ ಕೂತು ಕೂತು ನನಗೆ ಬೇಸರ ಬಂದುಹೋಗಿತ್ತು. ಜೀವನದಲ್ಲಿ ಒಂದು ಸಲ ಆ ಬಾಯಿಂದ "ಭಲೇ" ಅನ್ನಿಸಿಕೊಳ್ಳಲೇಬೇಕು ಎಂಬ ಹಟಕ್ಕೆ ಬಿದ್ದು ಯಂತ್ರ ತಂದೆ.

ಗಾಗಲ್

ಅಂಗಡಿಯವರು ಒಳ್ಳೆಯ ಮನುಷ್ಯ. ಯಂತ್ರ ಕೈಗೆ ಕೊಡುವ ಮೊದಲು ಪಾಠ ಮಾಡಿದರು. "ಗಾಗಲ್ ಇಲ್ಲದ ಶುರು ಮಾಡಬ್ಯಾಡ್ರಿ. ಹಲಿಗಿ ಅಲುಗಾಡದಂಗ ಬಿಗೀರಿ. ಕೊಯ್ಯೂ ಮೊದಲ ಕೆಳಗ ಏನೈತಿ ನೋಡ್ರಿ. ಬ್ಲೇಡ್ ಬದಲ ಮಾಡೂ ಮುಂದ ಬ್ಯಾಟರಿ ತಗೀರಿ. ಕೆಲಸ ಮುಗದ ಕೂಡ್ಲೇ ಮತ್ತ ಬ್ಯಾಟರಿ ತಗೀರಿ." ನಾನು ಬಸ್ಸಿನಲ್ಲಿ ಮನೆ ಮುಟ್ಟುವ ತನಕ ಅದನ್ನೇ ಬಾಯಿಪಾಠ ಮಾಡಿದೆ.

ರವಿವಾರ ಬೆಳಿಗ್ಗೆ ಕೆಲಸ ಶುರು ಮಾಡೋಣವೆಂದರೆ ಗಾಗಲ್ ಇಲ್ಲ. ಇಡೀ ಮನೆ ಹುಡುಕಿದೆ. ಕೊನೆಗೆ ಅಡುಗೆಮನೆಗೆ ಇಣುಕಿದರೆ, ನನ್ನ ಹೆಂಡತಿ ಅದನ್ನು ಹಾಕಿಕೊಂಡು ರಾಜಗಾಂಭೀರ್ಯದಿಂದ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು.

"ಅದು ನನ್ನ ಕಣ್ಣು ಕಾಯಾಕ ತಂದದ್ದು," ಎಂದೆ.

"ನೀವಿನ್ನೂ ಏನೂ ಕೊಯ್ದಿಲ್ಲಲ್ರೀ? ಕೊಯ್ಯಾವ್ರಿಗೆ ಗಾಗಲ್," ಎಂದಳು.

ಅಷ್ಟರಲ್ಲಿ ಹಾಲಿನವನು ಬಂದ. ಹಾಗೆಯೇ ಎದ್ದು ಹೋಗಿ ಬಾಗಿಲು ತೆಗೆದಳು. ಅವನು ಒಂದು ಹೆಜ್ಜೆ ಹಿಂದೆ ಸರಿದು ಕೇಳಿದ, "ಬಾಯಾರ, ಒಳಗ ವೆಲ್ಡಿಂಗ್ ಹಚ್ಚೀರೇನ್ರಿ?"

ಕಾಕಾ ಕೊಟ್ಟ ಕುರ್ಚಿ

ಮೊದಲ ಕೆಲಸ ಚಪ್ಪಲಿ ಇಡಲು ಒಂದು ಹಲಗೆ. ಬಿಗಿಯಲು ಕ್ಲ್ಯಾಂಪ್ ಇರಲಿಲ್ಲ. ಬಾಜೂ ಮನೆಯ ಕಾಕಾ ಯಂತ್ರದ ಸುದ್ದಿ ಕೇಳಿ ಎರಡು ಪ್ಲಾಸ್ಟಿಕ್ ಕುರ್ಚಿ ಹೊತ್ತು ತಾವೇ ಬಂದರು. ಕುರ್ಚಿಗಳ ಮೇಲೆ ಹಲಗೆ ಅಡ್ಡ ಇಟ್ಟು, ಅದರ ಒಂದು ತುದಿಗೆ ಭದ್ರವಾಗಿ ಕೂತರು. "ಕ್ಲ್ಯಾಂಪ್ ಯಾಕ ಬೇಕ್ರಿ? ನಾ ಅದೀನಲ್ಲ," ಎಂದರು. ಕಾಕಾನವರ ತೂಕ ನೋಡಿದರೆ ಯಾವ ಕ್ಲ್ಯಾಂಪೂ ನಾಚಬೇಕು.

ನಾನು ಅಂಗಡಿಯವರು ಹೇಳಿದ್ದನ್ನೆಲ್ಲ ನೆನೆಸಿಕೊಂಡೆ. ಯಂತ್ರದ ತಳ ಹಲಗೆಗೆ ಒತ್ತಿ ಹಿಡಿದೆ. ಬ್ಲೇಡು ಮರಕ್ಕೆ ತಾಗುವ ಮೊದಲೇ ಗುಂಡಿ ಒತ್ತಿದೆ. ಪೆನ್ಸಿಲ್ ಗೆರೆಯ ಮೇಲಿಂದ ಕಣ್ಣು ಕದಲಿಸಲಿಲ್ಲ. ಬೆಣ್ಣೆ ಕೊಯ್ದ ಹಾಗೆ ಹೋಯಿತು. ಆಮೇಲೆ ಸ್ವಲ್ಪ ಗಟ್ಟಿ ಹತ್ತಿತು.

"ಗಂಟು ಬಂದಿರಬೇಕು, ಒತ್ತರಿ," ಎಂದರು ಕಾಕಾ. ಒತ್ತಿದೆ. ಏನೋ ಸುಟ್ಟ ವಾಸನೆ ಬಂತು. "ದೊಡ್ಡ ಗಂಟು ಐತಿ, ಬಿಡಬ್ಯಾಡ್ರಿ," ಎಂದರು. ನಾನೂ ಬಿಡಲಿಲ್ಲ. ಹಲಗೆ ಎರಡಾಯಿತು. ಎತ್ತಿ ನೋಡಿದರೆ ಗಂಟು ಎಲ್ಲೂ ಇಲ್ಲ, ಕೆಳಗೆ ಕುರ್ಚಿಯ ಸೀಟು ಸೀಳಿತ್ತು. ಕೆಳಗೆ ಏನಿದೆ ನೋಡಬೇಕು ಎಂಬುದೊಂದನ್ನು ಮಾತ್ರ ಮರೆತಿದ್ದೆ.

ಕಾಕಾ ಸೀಳಿನ ಮೇಲೆ ಬೆರಳಾಡಿಸಿದರು. "ಗೆರಿ ಮಾತ್ರ ಖರೇ ನೇರ ಬಂದೈತಿ ಬಿಡ್ರಿ," ಎಂದರು.

ಆ ಕುರ್ಚಿಯನ್ನು ಅವರು ಎಸೆಯಲಿಲ್ಲ. ಕೂತವರಿಗೆ ಅದು ಸರಿಯಾದ ಜಾಗದಲ್ಲಿ ಚಿವುಟುತ್ತದೆ. ಯಾವ ಅತಿಥಿ ಬೇಗ ಏಳಬೇಕೋ ಅವರಿಗೆ ಅದನ್ನೇ ಹಾಕುತ್ತಾರೆ. ಮೊನ್ನೆ ನಾನು ಹೋದಾಗ ನನಗೂ ಅದನ್ನೇ ಹಾಕಿದರು.

ಮುಟ್ಟಂಗಿಲ್ಲ

ಕುರ್ಚಿಯ ಸುದ್ದಿ ನಾನು ಹೊಟ್ಟು ಗುಡಿಸುವ ಮೊದಲೇ ಹೆಂಡತಿಯ ಫೋನಿನಿಂದ ಖಾನಾಪುರ ಮುಟ್ಟಿತು. ಮಾವನವರು ಬಹಳ ನಕ್ಕರಂತೆ. ಆದರೂ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆಗೆ ಕರೆದಾಗ, "ಆ ಯಂತ್ರಾನೂ ತೊಗೊಂಡು ಬರ್ರಿ, ಪೂಜಿ ಮಾಡೂಣು" ಎಂದರು. ಅವರ ಮನೆಯ ಪದ್ಧತಿ ಗಟ್ಟಿ. ಆ ದಿನ ಮನೆಯಲ್ಲಿ ಕೊಯ್ಯುವಂಥದ್ದೆಲ್ಲ ದೇವರ ಮುಂದೆ ಹೋಗಬೇಕು. ಮರುದಿನ ವಿಜಯದಶಮಿಗೆ ಬನ್ನಿ ಎಲೆ ಕೊಟ್ಟು ತೊಗೊಳ್ಳುವ ತನಕ ಯಾರೂ ಮುಟ್ಟುವಂತಿಲ್ಲ. ಕುಡುಗೋಲು, ಕೊಡಲಿ, ಕತ್ತರಿ ಹೋದವು. ಅಡುಗೆಮನೆಯ ಈಳಿಗೆಯೂ ಹೋಯಿತು. ನಮ್ಮ ಅತ್ತೆಯವರು ಬದನೆಕಾಯಿಯನ್ನು ಕೈಯಿಂದಲೇ ಸೀಳುತ್ತ ಕೂತಿದ್ದರು.

ನನ್ನ ಯಂತ್ರಕ್ಕೆ ಚೆಂಡುಹೂವಿನ ಮಾಲೆ ಬಿತ್ತು. ನಾನು ತೆಗೆದಿಟ್ಟ ಬ್ಯಾಟರಿಯನ್ನು ಬೇರೆಯಾಗಿ ವೀಳ್ಯದೆಲೆಯ ಮೇಲೆ ಕೂರಿಸಿದರು. ಗಾಗಲ್ಲಿನ ಎರಡೂ ಗಾಜಿಗೆ ಮೂರು ಮೂರು ಎಳೆ ವಿಭೂತಿ.

"ಮಾವಾರ, ಗಾಜಿಗೆ ಬ್ಯಾಡ್ರಿ, ಕಾಣಂಗಿಲ್ಲ," ಎಂದೆ.

"ಇವತ್ತ ಅದರಾಗಿಂದ ಯಾರು ನೋಡಾವ್ರದಾರ? ನೀವು ಕುಂದರ್ರಿ," ಎಂದು ನನ್ನನ್ನು ದೇವರ ಕೋಣೆಯಿಂದ ಹೊರಗೆ ಕಳಿಸಿ, ಒಳಗಿನಿಂದ ಚಿಲಕ ಹಾಕಿಕೊಂಡು ಪೂಜೆಗೆ ಕೂತರು.

ಒಳಗಿದ್ದ ಮಾವನವರು

ಪೂಜೆ ಮುಗಿದ ಗಂಟೆ ಕೇಳಿಸಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಖಾನಾಪುರದ ಮಳೆಗೆ ಮರ ಉಬ್ಬಿ ಚಿಲಕ ಬಿಗಿದಿತ್ತು. ಜಗ್ಗಿದರೆ ಅದರ ಹಿಡಿಕೆ ಮಾವನವರ ಕೈಗೆ ಬಂತು.

"ಒದ್ದು ತಗೀಲಿ ಏನ್ರಿ?" ಎಂದೆ.

"ಒದ್ದೀರಿ ಜ್ವಾಕಿ! ನಮ್ಮಪ್ಪ ಮಾಡಿಸಿದ ಸಾಗವಾನಿ ಬಾಗಲಾ ಅದು," ಎಂದು ಒಳಗಿನಿಂದ ಗುಡುಗಿದರು.

ನೈವೇದ್ಯದ ತಟ್ಟೆ ಒಳಗಿತ್ತು. ಅದು ಹೊರಗೆ ಬರುವ ತನಕ ಯಾರೂ ಉಣ್ಣುವಂತಿಲ್ಲ. ಬಾಗಿಲಲ್ಲಿ ಚಿಲಕದ ಹತ್ತಿರ ಹಳೆಯ ಬೀಗದ್ದೊಂದು ತೂತಿತ್ತು. ಅಲ್ಲಿಂದ ಚಿಲಕದ ಸುತ್ತ ಅಂಗೈ ಅಗಲ ಕೊಯ್ದರೆ ಬಾಗಿಲು ಬಿಡುತ್ತದೆ, ಉಳಿದ ಬಾಗಿಲಿಗೆ ಏನೂ ಆಗುವುದಿಲ್ಲ. ಕೊಯ್ಯುವ ಯಂತ್ರ ಒಳಗಿತ್ತು. ಮನೆಯಲ್ಲಿದ್ದ ಎಲ್ಲ ಹತ್ಯಾರವೂ ಒಳಗೇ ಇತ್ತು. ತೂತಿಗೆ ಬಾಯಿ ಹಚ್ಚಿ ಇದನ್ನೆಲ್ಲ ಹೇಳಿದೆ.

"ಪೂಜಿಗೆ ಕುಂತದ್ದು ಮುಟ್ಟಂಗಿಲ್ಲ," ಎಂದರು.

"ಹಂಗಾರ ನಾಳಿ ಬನ್ನಿ ಕೊಡೂತನಕ ಅಲ್ಲೇ ಇರ್ರಿ," ಎಂದರು ಅತ್ತೆ.

ತೂತಿನಿಂದ ಹೋಳಿಗೆಯ ವಾಸನೆ ಒಳಗೆ ಹೋಗಿರಬೇಕು. "ದೇವರ ಅಪ್ಪಣಿ ಕೇಳತೀನಿ. ಹೂ ಬಲಕ್ಕ ಬಿದ್ರ ಮುಟ್ಟತೀನಿ," ಎಂದರು. ನಾವೆಲ್ಲ ಬಾಗಿಲಿಗೆ ಕಿವಿ ಹಚ್ಚಿ ನಿಂತೆವು.

"ಬಿತ್ತು!"

"ಯಾವ ಕಡೆ ಬಿತ್ರಿ?"

"ಎಡಕ್ಕ." ಆಮೇಲೆ ಗಂಟಲು ಸರಿಮಾಡಿಕೊಂಡರು. "ನನ್ನ ಎಡಕ್ಕ. ದೇವರ ಕಡಿಂದ ನೋಡಿದ್ರ ಬಲಕ್ಕ."

ತೂತಿನಿಂದ ನನ್ನ ಪಾಠ ಶುರುವಾಯಿತು. "ಮೊದಲ ಮಾಲಿ ತಗೀರಿ, ಬ್ಲೇಡಿಗೆ ಸುತ್ತಿಕೊಳ್ಳತೈತಿ. ಗಾಗಲ್ ಹಾಕ್ಕೋರಿ. ವಿಭೂತಿ ಒರಸರಿ."

"ವಿಭೂತಿ ಒರಸಂಗಿಲ್ಲ!"

"ಹಂಗಾರ ಎಳಿ ನಡಕಿನ ಸಂದಿಯಿಂದರೆ ನೋಡ್ರಿ. ಎಲಿ ಮ್ಯಾಲಿನ ಬ್ಯಾಟರಿ ಹಾಕರಿ. ಎರಡೂ ಕೈಲೆ ಹಿಡೀರಿ. ಯಂತ್ರದ ತಳ ಬಾಗಲಕ್ಕ ಒತ್ತಿ, ಸಾವಕಾಶ ಹೋಗ್ರಿ." ಹೊರಗಿದ್ದವರನ್ನೆಲ್ಲ ದೂರ ಸರಿಸಿದೆ.

ಗುರ್ ಎಂದಿತು. ತೂತಿನಿಂದ ಕುಂಕುಮ ಹಚ್ಚಿದ ಬ್ಲೇಡು ಹೊರಗೆ ಬಂದು ಮೇಲೆ ಕೆಳಗೆ ಕುಣಿಯಿತು. ಅತ್ತೆಯವರು ದೂರದಿಂದಲೇ ಕೈ ಮುಗಿದರು. ಮಾವನವರು ಚಿಲಕದ ಸುತ್ತ ಕೊಯ್ಯುತ್ತ ಬಂದರು. ಬಾಗಿಲು ಸಡಿಲಾಯಿತು.

"ಕೆಲಸ ಮುಗೀತು, ಮೊದಲ ಬ್ಯಾಟರಿ ತಗದು ಇಲ್ಲೆ ಕೊಡ್ರಿ," ಎಂದೆ. ಸಂದಿಯಿಂದ ಒಂದು ಕೈ ಬಂತು, ಬ್ಯಾಟರಿ ಕೊಟ್ಟಿತು. ಕಿಸೆಗೆ ಹಾಕಿಕೊಂಡೆ.

ಬಾಗಿಲು ತೆರೆಯಿತು. ಮಾವನವರ ಮೈಯೆಲ್ಲ ಹೊಟ್ಟು, ಕಣ್ಣಿಗೆ ವಿಭೂತಿ ಬಳಿದ ಗಾಗಲ್, ಕೈಯಲ್ಲಿ ಯಂತ್ರ. ಮುಖ ಹುಡುಗನ ಮುಖದಂತೆ ಅರಳಿತ್ತು. "ಭಲೇ!" ಎಂದರು. ನನ್ನ ಕಣ್ಣು ತುಂಬಿ ಬಂತು. ಎದೆ ಉಬ್ಬಿಸಿ ಮುಂದೆ ಬಂದೆ. ಅವರು ಯಂತ್ರದ ಬೆನ್ನು ತಟ್ಟುತ್ತಿದ್ದರು.

"ಇನ್ನ ಕೊಡ್ರಿ ಮಾವಾರ," ಎಂದೆ.

"ನಿಮ್ಮ ಕೈಯಾಗ? ಕುರ್ಚಿ ಕೊಯ್ದಾವ್ರು ನೀವು. ನೀವು ಕುಂದರ್ರಿ. ಅಡಗಿಮನಿ ಬಾಗಲಾನೂ ಬಿಗಿ ಹಿಡಿತೈತಿ, ಒಂದೀಟ ನೋಡಿ ಬರತೀನಿ."

ಅತ್ತೆಯವರು ಓಡಿ ಹೋಗಿ ಸೌಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು. ಮಾವನವರು ಯಂತ್ರ ಎತ್ತಿ ಗುಂಡಿ ಒತ್ತಿದರು. ಸದ್ದಿಲ್ಲ. ಮತ್ತೊಮ್ಮೆ ಒತ್ತಿದರು. ತಿರುಗಿಸಿ ಕೆಳಗೆ ಮೇಲೆ ನೋಡಿದರು. ಆಮೇಲೆ ವಿಭೂತಿಯ ಸಂದಿಯಿಂದ ನನ್ನ ಕಡೆ ನೋಡಿದರು.

ನಾನು ಒಂದು ಕೈಯಿಂದ ಕಿಸೆಯಲ್ಲಿದ್ದ ಬ್ಯಾಟರಿ ಮುಟ್ಟಿಕೊಂಡೆ. ಇನ್ನೊಂದು ಕೈಯಿಂದ ಕುರ್ಚಿ ಎಳೆದು ಅವರ ಹಿಂದೆ ಹಾಕಿದೆ.

"ಮಾವಾರ," ಎಂದೆ, "ನೀವು ಕುಂದರ್ರಿ."