ಮಾವನ ಬೇಳೆ ಪರೀಕ್ಷೆ

ಕೂಡ್ಲಿಗಿಯ ಮನೆ ಮಾಲೀಕರೆಲ್ಲ ಒಬ್ಬ ಮನುಷ್ಯನಿಗೆ ಹೆದರಿ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲವೊಂದಿತ್ತು ಎಂದರೆ ನೀವು ನಂಬಬೇಕು. ಆತ ಪೊಲೀಸನಲ್ಲ, ಪುಂಡನೂ ಅಲ್ಲ. ಕೈಯಲ್ಲಿ ಸೀಮೆಎಣ್ಣೆ ಸ್ಟೋವು, ಹೆಗಲಿನ ಚೀಲದಲ್ಲಿ ಒಂದು ಬೋಗಣಿ, ಒಂದು ಗಂಟು ತೊಗರಿಬೇಳೆ ಇಟ್ಟುಕೊಂಡು ತಿರುಗುತ್ತಿದ್ದ ನನ್ನ ಸೋದರಮಾವ!

ಎಪ್ಪತ್ತರ ದಶಕದ ಕೊನೆಯ ಮಾತು. ನನಗೆ ಕೂಡ್ಲಿಗಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನ ಕೆಲಸ ಆಗಷ್ಟೇ ಸಿಕ್ಕಿತ್ತು. ಹೆಂಡತಿಯನ್ನೂ ಇನ್ನೂ ತೆವಳುತ್ತಿದ್ದ ಮಗಳನ್ನೂ ಹಲವಾಗಲಿನ ತವರಿನಲ್ಲಿ ಬಿಟ್ಟು, ಕೊಟ್ಟೂರಿನಲ್ಲಿದ್ದ ಮಾವನ ಹತ್ತಿರ ಬಂದು ಬಿದ್ದೆ. ಅವನದು ಒಂದೇ ಕೋಣೆ. ಕಾಲು ಚಾಚಿದರೆ ಒಲೆ, ಕೈ ಚಾಚಿದರೆ ಬಾಗಿಲು. ಅಲ್ಲಿ ಸಂಸಾರ ಹೂಡುವಂತಿರಲಿಲ್ಲ.

"ಎಂಟು ದಿನದಾಗ ಕೂಡ್ಲಿಗ್ಯಾಗ ನಿನಗೊಂದು ಮನಿ ಹುಡುಕತೀನಿ, ಚಿಂತಿ ಬಿಡಲೇ" ಎಂದ ಮಾವ. ಎಂಟು ದಿನ ಹೋಗಿ ಐದು ತಿಂಗಳಾಯಿತು!

ಮಾವ ಮೂವತ್ತು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಮದುವೆಯಾಗಲಿಲ್ಲ. ಮದುವೆಯಾಗದವನು ಸಂಸಾರಕ್ಕೆ ಮನೆ ಆರಿಸಲು ಹೊರಟರೆ ಹೇಗಿರಬೇಡ? ಮಾಡು ಸೋರುತ್ತದೆಯೇ, ಗಾಳಿ ಬರುತ್ತದೆಯೇ, ಬಾಡಿಗೆ ನನ್ನ ಪಗಾರಕ್ಕೆ ಹೊಂದುತ್ತದೆಯೇ, ಯಾವುದೂ ಅವನಿಗೆ ಬೇಡ. ನೆಟ್ಟಗೆ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಕುಳಿತು ಸ್ಟೋವು ಹಚ್ಚುವನು. ಆ ಮನೆಯ ನೀರು ತರಿಸಿ, ಒಂದು ಹಿಡಿ ಬೇಳೆ ಹಾಕಿ, ಗಡಿಯಾರ ನೋಡುತ್ತ ಕೂಡುವನು. ಅರ್ಧ ಗಂಟೆಗೆ ಒಂದು ಕಾಳು ತೆಗೆದು ಬೆರಳಲ್ಲಿ ಹಿಚುಕುವನು. ಕಾಳು ಕಲ್ಲಿನಂತಿರುತ್ತಿತ್ತು.

"ಸವುಳು ನೀರು! ಈ ನೀರಾಗ ಬ್ಯಾಳಿ ಬೇಯಂಗಿಲ್ಲ. ಹೆಣಮಗಳು ದಿನಾ ಒಲಿ ಮುಂದ ಕುಂತು ಸಾಯಬೇಕೇನು? ಏಳಲೇ, ರೈಟ್, ರೈಟ್!"

ಮಾಲೀಕ ಬಾಯಿ ತೆರೆಯುವಷ್ಟರಲ್ಲಿ ನಾವು ಬೀದಿಯಲ್ಲಿರುತ್ತಿದ್ದೆವು.

ಒಂದು ಓಣಿಯಲ್ಲಂತೂ ಇವನನ್ನು ನೀರು ಪರೀಕ್ಷೆಯ ಸಾಹೇಬ ಎಂದು ತಿಳಿದು ಹೆಂಗಸರೆಲ್ಲ ಕೊಡ ಹಿಡಿದು ಸಾಲು ನಿಂತರು. "ನಮ್ಮ ಬೋರಿಂಗ್ ನೀರೂ ನೋಡ್ರಿ ಸಾಹೇಬ್ರ!" ಮಾವ ತಾನು ಸಾಹೇಬನಲ್ಲ ಅಂದನೇ? ಎಲ್ಲಿಯದು! ಗಂಭೀರವಾಗಿ ಒಂದೊಂದು ಕೊಡದ ನೀರೂ ಬಾಯಿಗೆ ಹಾಕಿ ಚಪ್ಪರಿಸಿ, ತೀರ್ಪು ಕೊಟ್ಟು, ಕೊನೆಗೆ ಎರಡು ಮನೆಯಲ್ಲಿ ಚಹಾ ಕುಡಿದು ಬಂದ. ನನಗೆ ಮಾತ್ರ ಮನೆ ಸಿಗಲಿಲ್ಲ.

ನಗುತ್ತಿದ್ದೀರಿ. ನಾನೂ ಮೊದಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ. ಸಂಜೆ ಕಚೇರಿ ಬಿಟ್ಟರೆ ಉಳಿದ ಗುಮಾಸ್ತರು ಮಲ್ಲಿಗೆಯೋ ಮಿರ್ಚಿಯೋ ಕಟ್ಟಿಸಿಕೊಂಡು ಮನೆ ಕಡೆ ನಡೆಯುವರು. ನಾನು ಬರಿಗೈಯಲ್ಲಿ ಬಸ್ ಸ್ಟ್ಯಾಂಡಿನ ಕಡೆ. ಹೆಂಡತಿ ಕಾಗದ ಬರೆದಳು: "ಮಗಳು ನಡೆಯುತ್ತಿದ್ದಾಳೆ. ಮನೆ ಸಿಕ್ಕಿತೆ?" ರಜೆ ಹಾಕಿ ಓಡಿದರೆ ಮಗಳು ನನ್ನನ್ನು ನೋಡಿ ಹೆದರಿ ತಾಯಿಯ ಸೆರಗಿನ ಹಿಂದೆ ಅಡಗಿದಳು.

ವಾಪಸು ಕೊಟ್ಟೂರಿನಲ್ಲಿ ಇಳಿದಾಗ ಮಾವ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದ. ನಾನು ಯಾವ ಬಸ್ಸಿಗೆ ಬಂದರೂ ಅಲ್ಲೇ ಕೂತಿರುತ್ತಿದ್ದ. ಕೇಳಿದರೆ "ಹಳೇ ಚಾಳಿ ಲೇ, ಬಸ್ಸು ನೋಡದಿದ್ರ ನಿದ್ದಿ ಬರಂಗಿಲ್ಲ" ಅನ್ನುತ್ತಿದ್ದ.

ಕೊನೆಗೊಂದು ಮನೆ ಕಂಡಿತು. ಕಚೇರಿಗೆ ಹತ್ತು ನಿಮಿಷದ ದಾರಿ, ಬಾಡಿಗೆ ನನ್ನ ಕೈಗೆ ಎಟುಕುವಂಥದ್ದು, ತೊಲೆಯಲ್ಲಿ ತೊಟ್ಟಿಲಿನ ಕೊಂಡಿ ಬೇರೆ. ಇದನ್ನು ಬಿಡಬಾರದು ಅಂದುಕೊಂಡೆ. ಮಾವ ಸ್ಟೋವು ಹಚ್ಚಿದ. ಅರ್ಧ ಗಂಟೆಯಾಯಿತು. ಕಾಳು ಕಲ್ಲು!

ಮನೆಯೊಡತಿ ಗಟ್ಟಿಗಿತ್ತಿ. ಸೊಂಟಕ್ಕೆ ಕೈಯಿಟ್ಟಳು.

"ಅಲ್ರೀ, ಇದ ನೀರಾಗ ನಮ್ಮ ಬ್ಯಾಳಿ ದಿನಾ ಬೆಣ್ಣಿಯಂಗ ಬೇಯತೈತಿ. ನಿಮ್ಮದಕ್ಕೇನು ದಾಡಿ? ತರ್ರಿ ಇಲ್ಲಿ ಗಂಟು." ಒಂದು ಕಾಳು ಕಚ್ಚಿ ಉಗುಳಿದಳು. "ಅಯ್ಯ ಶಿವನ! ಇದು ಯಾ ಕಾಲದ ಬ್ಯಾಳೀರಿ? ಇಷ್ಟು ಹಳೇ ಬ್ಯಾಳಿ ಯಾ ನೀರು ಹಾಕಿದ್ರೂ ಬೇಯಂಗಿಲ್ಲ!"

ತನ್ನ ಡಬ್ಬಿಯಿಂದ ಹಿಡಿ ಬೇಳೆ ತಂದು ಹಾಕಿದಳು. ಬೇಗನೆ ಅರಳಿ ಬೆಂದಿತು. ಮಾವ ಒಂದು ಕಾಳು ಹಿಚುಕಿದ. ನುಣ್ಣಗಾಯಿತು. ಅವನು ಈ ಸಲ ರೈಟ್ ಅನ್ನಲಿಲ್ಲ.

ನಾನು ಅಲ್ಲೇ ಮುಂಗಡ ಕೊಟ್ಟೆ. ಬಸ್ಸಿನಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಐದು ತಿಂಗಳು! ಮಗಳ ಮೊದಲ ಹೆಜ್ಜೆ ನಾನು ಕಾಣಲಿಲ್ಲ.

"ಬೇಕಂತನ ಮಾಡಿದೇನು ಮಾವ?"

ಮಾವ ಕಿಟಕಿಯ ಹೊರಗೆ ನೋಡುತ್ತಿದ್ದ. "ಮೊದಲನೇ ಮನ್ಯಾಗ ಗೊತ್ತಿರಲಿಲ್ಲ ಲೇ. ಎರಡನೇದರಾಗ ಗೊತ್ತಾತು."

"ಗೊತ್ತಾದ ಮ್ಯಾಲೂ?"

ಮಾವ ಕಿಟಕಿಯಿಂದ ತಿರುಗಿ ಹೇಳಿದ: "ಮೂವತ್ತು ವರ್ಷ ಬಸ್ ತುಂಬ ಮಂದಿ ಇರ್ತಿದ್ರು. ಎಲ್ಲಾರೂ ಇಳಿದು ಅವರವರ ಮನಿಗೆ ಹೋಗೋರ. ಇಳಿದು ನನ್ನ ಕಡಿ ಬಂದಾವ ನೀ ಒಬ್ಬನ."

ನನ್ನ ಸಿಟ್ಟು ಎಲ್ಲಿ ಹೋಯಿತೋ.

ಸಂಸಾರ ತಂದ ದಿನ ಮಾವನೇ ತೊಟ್ಟಿಲು ಹೊತ್ತು ತಂದ. ಬೇಳೆಯ ಗಂಟನ್ನು ನಮ್ಮ ಅಡಿಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟು, "ಇನ್ನ ಇದರ ಕೆಲಸ ಮುಗೀತು, ದನಕ್ಕ ಹಾಕು" ಎಂದು ಬಸ್ಸು ಹತ್ತಿದ. ಆಮೇಲೆ ಪ್ರತಿ ಭಾನುವಾರ ಬರುವನು. ಎಷ್ಟು ಹೇಳಿದರೂ ಉಳಿಯುತ್ತಿರಲಿಲ್ಲ. ಉಂಡ ಕೈ ತೊಳೆದವನೇ ನಾಲ್ಕರ ಬಸ್ಸಿಗೆ ಎದ್ದುಬಿಡುವನು. ಕೊಟ್ಟೂರಿನಲ್ಲಿ ಅವನಿಗಾಗಿ ಕಾಯುವವರು ಯಾರಿದ್ದರು? ಒಂದು ರಾತ್ರಿ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ.

ಮರು ಭಾನುವಾರ ಮೂರೂವರೆಯಾದರೂ ಊಟಕ್ಕೆ ಕರೆಯಲಿಲ್ಲ. ಮಾವ ಗಡಿಯಾರ ನೋಡಿದ. "ಅಡಿಗಿ ಆತೇನವ್ವ? ನಾಲ್ಕರ ಬಸ್ಸು ಹೋಕ್ಕೈತಿ."

"ಬ್ಯಾಳಿ ಬೆಂದಿಲ್ರಿ ಮಾವಾರ" ಎಂದಳು ಒಳಗಿನಿಂದ. "ನಾಳಿ ಹೋಗೀರಂತ."

ಮಾವ ಎದ್ದು ಒಲೆಯ ಹತ್ತಿರ ಹೋದ. ಮುಚ್ಚಳ ತೆಗೆದು ಒಂದು ಕಾಳು ಹಿಚುಕಿದ. ಕಲ್ಲು! ಮಾಡದ ಕಡೆ ನೋಡಿದ. ಗಂಟು ಬಿಚ್ಚಿತ್ತು. ಮುಚ್ಚಳ ಮತ್ತೆ ಮುಚ್ಚಿದ.

"ಹೌದವ್ವ," ಎಂದ, "ಇದು ಬೇಯಾಕ ಭಾಳ ಹೊತ್ತು ಹಿಡಿತೈತಿ."

ಅಂಗಿ ಕಳಚಿ ಗೂಟಕ್ಕೆ ಹಾಕಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ.